ತಂಪಿನ ನಾಡಿನಲ್ಲಿ ಬೀಸಣಿಗೆ

ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ಮಾರ್ಗದಲ್ಲಿ, ರೊಬಸ್ಟಾ ತೋಟಗಳ ಮೇಲೆ ಸಿಲ್ವರ್ ಓಕ್ ಮರಗಳೂ ಅವುಗಳ ಮೈಯನ್ನು ಸುತ್ತಿದ ಕರಿಮೆಣಸಿನ ಬಳ್ಳಿಗಳೂ ನೆರಳಿಟ್ಟಿರುವ ಸೀಮೆಯ ನಡುವೆ, ಅಮ್ಮತ್ತಿ ಎಂಬ ಊರಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ದಕ್ಷಿಣ ಕೊಡಗಿನ ಹಳೆಯ ಮನೆಗಳನ್ನು ಹೊಕ್ಕು ತಲೆಯೆತ್ತಿ ನೋಡಿದವರಿಗೆ, ಬಯಲುಸೀಮೆಯಲ್ಲಿ ದೇವರ ಪಟದಷ್ಟೇ ಅವಶ್ಯವೆನಿಸಿದ ಒಂದು ವಸ್ತು ಅಲ್ಲಿ ಇಲ್ಲದಿರುವುದು ಮೊದಲು ಗೋಚರವಾಗುತ್ತಿತ್ತು. ತೊಲೆಯಲ್ಲಿ ಫ್ಯಾನು ತೂಗುಹಾಕುವ ಕೊಕ್ಕೆಯೇ ಇರುತ್ತಿರಲಿಲ್ಲ. ಆ ಮನೆಗಳನ್ನು ಕಟ್ಟಿದವರಿಗೆ ಸೆಕೆಯೆಂಬುದು ಚಿಂತಿಸತಕ್ಕ ವಿಷಯವೇ ಆಗಿರಲಿಲ್ಲ. ಅವರ ಶತ್ರು ತೇವ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಕೊಡವರ ಕಕ್ಕಡ ಮಾಸದಲ್ಲಿ ಹಗಲಿರುಳೆನ್ನದೆ ಸುರಿದು, ಪೆಟ್ಟಿಗೆಯ ಪುಸ್ತಕಕ್ಕೂ ಗೂಟದ ಚರ್ಮದ ಪಟ್ಟಿಗೂ ಬೂಷ್ಟು ಹಿಡಿಸುವಾಗ, ಅದನ್ನು ಎದುರಿಸಲು ಅವರು ನೆಚ್ಚಿದ್ದು ಒಲೆಯ ಬಿಸಿಯನ್ನು, ಅಟ್ಟದ ಹೊಗೆಯನ್ನು, ಉಣ್ಣೆಯ ಕಂಬಳಿಯನ್ನು. ತಂಪನ್ನು ಕೃತಕವಾಗಿ ತಯಾರಿಸಿಕೊಳ್ಳುವ ಯೋಚನೆ ಅವರಿಗೆ, ಸಮುದ್ರದ ನಡುವೆ ನಿಂತು ಉಪ್ಪು ಖರೀದಿಸುವ ಯೋಚನೆಯಂತೆ ಹಾಸ್ಯಾಸ್ಪದವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಈ ಶತಮಾನದ ಆದಿಭಾಗದಲ್ಲಿ, ಅಂತಹ ಒಂದು ಕಕ್ಕಡದ ದಿನ, ಅಮ್ಮತ್ತಿಯ ಸಮೀಪದ ತೋಟದ ಮನೆಯೊಂದಕ್ಕೆ ನಾನು ಮಿತ್ರರ ಅತಿಥಿಯಾಗಿ ಹೋಗಿದ್ದೆ. ಮನೆಯ ಹಿರಿಯರು ಕಂಬಳಿ ಹೊದೆದು ಒಲೆಯ ಮಗ್ಗುಲಲ್ಲಿ ಕುಳಿತಿದ್ದರು. ಒದ್ದೆ ಬಟ್ಟೆಗಳು ಹಗ್ಗದ ಮೇಲೆ ಮೂರನೆಯ ದಿನವೂ ಒಣಗದೆ ಜೋಲುತ್ತಿದ್ದವು. ಆದರೆ ತೋಟದ ಲೆಕ್ಕಪತ್ರಗಳಿದ್ದ ಪಕ್ಕದ ಕೋಣೆಯಿಂದ, ಆ ಹವೆಗೆ ಸರ್ವಥಾ ಸಲ್ಲದ ಒಂದು ಶಬ್ದ, ಬೇಸಿಗೆಯ ಮಧ್ಯಾಹ್ನದಲ್ಲಿ ಮೈಸೂರಿನ ಯಾವುದಾದರೂ ಕಚೇರಿಯಲ್ಲಿ ಕೇಳತಕ್ಕ ಶಬ್ದ, ಅವಿಚ್ಛಿನ್ನವಾಗಿ ಬರುತ್ತಿತ್ತು. ಇಣುಕಿ ನೋಡಿದರೆ, ಜನರು ವಾಡಿಕೆಯಲ್ಲಿ ಸಿ.ಪಿ.ಯು. ಎಂದು ಕರೆಯುವ ಗಣಕದ ಪೆಟ್ಟಿಗೆಯು ಪಕ್ಕದ ತಗಡನ್ನು ಕಳಚಿಕೊಂಡು ಒಳಗಿನ ತಂತಿಗಳನ್ನೆಲ್ಲ ತೋರಿಸುತ್ತ ಕುಳಿತಿದೆ. ಅದರ ಎದುರಿಗೆ ಒಂದು ಮಣೆಯ ಮೇಲೆ, ಗಣಕಕ್ಕಿಂತಲೂ ಎತ್ತರವಾದ ಟೇಬಲ್ ಫ್ಯಾನು ಪೂರ್ಣವೇಗದಲ್ಲಿ ತಿರುಗುತ್ತಿದೆ. ಆ ಮನೆಗೆ ಬಂದ ಮೊತ್ತಮೊದಲ ಫ್ಯಾನು ಅದು. ನನ್ನ ಮುಖದ ಬೆರಗನ್ನು ಕಂಡು ಹಿರಿಯರು ಕಂಬಳಿಯನ್ನು ಇನ್ನಷ್ಟು ಎಳೆದುಕೊಂಡು, "ಈ ಮನೆಯಲ್ಲಿ ಸೆಕೆಯಾಗುವುದು ಅವನೊಬ್ಬನಿಗೇ" ಎಂದರು.

ಆ ಮಾತಿಗೆ ಎಲ್ಲರೂ ನಕ್ಕೆವು. ಆದರೆ ನಗೆಗೀಡಾದ ಆ ವ್ಯವಸ್ಥೆಯಲ್ಲಿ ಅವಿವೇಕವೆಷ್ಟು, ವಿವೇಕವೆಷ್ಟು ಎಂಬುದನ್ನು ಅಳೆದು ನೋಡಬೇಕಾದರೆ, ಗಾಳಿಯನ್ನು ಮನುಷ್ಯನು ಕೆಲಸಕ್ಕೆ ಹಚ್ಚಿದ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಅವಲೋಕಿಸುವುದು ಉಚಿತ.

ಬೀಸಣಿಗೆಯ ಚರಿತ್ರೆ ಆದಿಯಿಂದಲೂ ಎರಡು ಕವಲಾಗಿ ಹರಿದುಬಂದಿದೆ. ಒಂದು ಭೋಗದ ಗಾಳಿ. ಸಂಸ್ಕೃತದವರು ತಾಳವೃಂತವೆಂದು ಕರೆದ ತಾಳೆಗರಿಯ ಬೀಸಣಿಗೆ, ದೇವರಿಗೂ ಅರಸರಿಗೂ ಬೀಸುವ ಚಾಮರ, ಆಂಗ್ಲ ಅಧಿಕಾರಿಗಳ ನೆತ್ತಿಯ ಮೇಲೆ ಚಾವಣಿಯಿಂದ ತೂಗಿಬಿಟ್ಟು ಜಗಲಿಯಲ್ಲಿ ಕುಳಿತ ಆಳು ಹಗ್ಗದಿಂದ ಎಳೆಯುತ್ತಿದ್ದ ಬಟ್ಟೆಯ ಪಂಕ, ಇವೆಲ್ಲ ಈ ಕವಲಿಗೆ ಸೇರಿದವು. ಅಮೆರಿಕದ ಸ್ಕೈಲರ್ ವೀಲರ್ 1882ರಲ್ಲಿ ಎರಡು ರೆಕ್ಕೆಗಳ ಮೇಜಿನ ಫ್ಯಾನನ್ನು ವಿದ್ಯುಚ್ಛಕ್ತಿಯಿಂದ ತಿರುಗಿಸಿದ್ದೂ, ಅದೇ ದಶಕದಲ್ಲಿ ಫಿಲಿಪ್ ಡೀಲ್ ಎಂಬಾತ ಹೊಲಿಗೆಯಂತ್ರದ ಮೋಟಾರಿಗೆ ರೆಕ್ಕೆ ಜೋಡಿಸಿ ಚಾವಣಿಗೆ ನೇತುಹಾಕಿದ್ದೂ ಪಂಕದ ಆಳನ್ನು ಹಗ್ಗದಿಂದ ಬಿಡಿಸಿದ ಘಟನೆಗಳು. ಇನ್ನೊಂದು ಕವಲು ದುಡಿಮೆಯ ಗಾಳಿಯದು. ಕಮ್ಮಾರನ ತಿದಿ, ಅಡುಗೆಮನೆಯ ಊದುಗೊಳವೆ, ಕಣದಲ್ಲಿ ಭತ್ತವನ್ನು ತೂರುವ ಮೊರ, ಇವು ಯಾರ ಬೆವರನ್ನೂ ಆರಿಸುವುದಿಲ್ಲ, ಬೀಸುವವನನ್ನೇ ಬೆವರಿಸುತ್ತವೆ. ಮೊದಲನೆಯ ಗಾಳಿಯು ಕೊಡಗಿನ ಘಟ್ಟವನ್ನು ಹತ್ತಿಬರಲು ಕಾರಣವಿರಲಿಲ್ಲ. ಇಲ್ಲಿಯ ತೋಟದ ದೊರೆಗಳ ಬಂಗಲೆಗಳಲ್ಲಿಯೂ ಮೆರೆದದ್ದು ಪಂಕವಲ್ಲ, ಅಗ್ಗಿಷ್ಟಿಕೆ. ಆದರೆ ಎರಡನೆಯ ಗಾಳಿಯನ್ನು ಅಮ್ಮತ್ತಿಯ ಜನ ತಲೆತಲಾಂತರದಿಂದ ಬಲ್ಲರು.

ಕಾಫಿಯು ಆ ಬಲ್ಲವಿಕೆಯನ್ನು ಮತ್ತಷ್ಟು ಸೂಕ್ಷ್ಮಗೊಳಿಸಿತು. 1834ರಲ್ಲಿ ಕೊಡಗು ಕಂಪೆನಿ ಸರ್ಕಾರದ ವಶವಾಗಿ ಇಪ್ಪತ್ತು ವರ್ಷ ಸಂದ ಮೇಲೆ, 1854ರಲ್ಲಿ, ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ಕಾಫಿಯ ತೋಟವನ್ನು ತೆರೆದನೆಂಬುದು ಪ್ರಸಿದ್ಧ ಸಂಗತಿ. ಅಲ್ಲಿಂದ ಹಬ್ಬಿದ ಬೆಳೆ ಕಾಲಕ್ರಮದಲ್ಲಿ ಅಮ್ಮತ್ತಿ, ಪೊಲ್ಲಿಬೆಟ್ಟ, ಸಿದ್ದಾಪುರಗಳ ಕಾಡಿನ ನೆರಳನ್ನೆಲ್ಲ ಆವರಿಸಿತು. ಕೊಯ್ದ ಹಣ್ಣನ್ನು ಕಣದಲ್ಲಿ ಹರಡಿ ಒಣಗಿಸಿ ಚೆರಿ ಮಾಡುವಾಗ ಬಿಸಿಲಿನಷ್ಟೇ ಗಾಳಿಯೂ ಬೇಕು. ಸಿಪ್ಪೆ ತೆಗೆದ ಬೀಜವನ್ನು ಸಂಸ್ಕರಿಸುವ ಕ್ಯೂರಿಂಗ್ ಕಾರ್ಖಾನೆಗಳಲ್ಲಿ, ಕೆಳಗಿನಿಂದ ಮೇಲಕ್ಕೆ ಹಾಯುವ ಗಾಳಿಯ ಕಂಬದೊಳಗೆ ಬೀಜವನ್ನು ಬಿಟ್ಟು, ಜೊಳ್ಳು ಹಾರುವಂತೆಯೂ ತೂಕದ ಕಾಳು ಇಳಿಯುವಂತೆಯೂ ಮಾಡುವ ಯಂತ್ರಗಳಿವೆ. ಅವು ವಾಸ್ತವವಾಗಿ ಮೋಟಾರು ಕಟ್ಟಿಕೊಂಡ ಮೊರಗಳೇ. ಎಲ್ಲಕ್ಕಿಂತ ನಮ್ಮ ವಿಷಯಕ್ಕೆ ಸಮೀಪವಾದದ್ದು ಕಾಫಿ ಹುರಿಯುವವರ ಕಸುಬು. ಇನ್ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹುರಿದ ಬೀಜವನ್ನು ಉರಿಯಿಂದ ತೆಗೆದ ಮಾತ್ರಕ್ಕೆ ಹುರಿಯುವಿಕೆ ನಿಲ್ಲುವುದಿಲ್ಲ. ತನ್ನೊಳಗಿನ ಬಿಸಿಯಿಂದಲೇ ಅದು ಮತ್ತೂ ಹುರಿದು, ಹದ ಮೀರಿ ಕರಿಕಾಗುತ್ತದೆ. ಆದುದರಿಂದ ಅದನ್ನು ತೂತುತಳದ ಅಗಲವಾದ ತಟ್ಟೆಗೆ ಸುರಿದು, ತಿರುವುತ್ತ, ಅಡಿಯಲ್ಲಿ ಫ್ಯಾನಿನಿಂದ ಗಾಳಿ ಎಳೆದು, ಕೆಲವೇ ನಿಮಿಷಗಳಲ್ಲಿ ತಣಿಸಬೇಕು. ತನ್ನ ಕೆಲಸದಿಂದಲೇ ಹುಟ್ಟಿದ ಬಿಸಿಯಿಂದ ತಾನೇ ಕೆಡುವ ವಸ್ತುವನ್ನು ಗಾಳಿಯಿಂದ ಕಾಪಾಡಬೇಕೆಂಬ ಪಾಠವು, ಗಣಕದ ಹೆಸರೇ ಕೇಳದಿದ್ದ ಕಾಲದಲ್ಲಿಯೂ ಕಾಫಿಯ ನಾಡಿಗೆ ಪರಿಚಿತವಾಗಿತ್ತು.

ಇನ್ನು ಆ ಗಣಕವು ತೋಟದ ಮನೆಗೆ ಬಂದ ಬಗೆ. 1940ರ ದಶಕದಿಂದ ಅರ್ಧ ಶತಮಾನದ ಕಾಲ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದನಾದ್ದರಿಂದ, ದರದ ಚಿಂತೆ ಅವನದಾಗಿರಲಿಲ್ಲ. ಮಂಡಳಿ ಕಂತು ಕಂತಾಗಿ ಕೊಟ್ಟದ್ದನ್ನು ಪಡೆದು ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವ ರೈಟರ ಲೆಕ್ಕದೊಡನೆ ತಾಳೆ ನೋಡಿದರೆ ವ್ಯವಹಾರ ಮುಗಿಯುತ್ತಿತ್ತು. 1992ರಿಂದ ಮೆಟ್ಟಿಲು ಮೆಟ್ಟಿಲಾಗಿ ಸಡಿಲಗೊಂಡ ಈ ಕಟ್ಟು 1996ರ ವೇಳೆಗೆ ಪೂರ್ತಿ ಬಿಚ್ಚಿಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್ ದೇಶದ ತೋಟಗಳ ಮೇಲೆ ಬಿದ್ದ ಹಿಮವು ಜಗತ್ತಿನ ಕಾಫಿಯ ಬೆಲೆಯನ್ನು ಒಮ್ಮೆಲೇ ಏರಿಸಿ, ಕೊಡಗಿನ ಮನೆಗಳಿಗೆ ಹಣವನ್ನೂ ಆತಂಕವನ್ನೂ ಜೊತೆಯಾಗಿ ತಂದಿತು. ಔಟ್‌ಟರ್ನ್, ಅಂದರೆ ಒಣಗಿದ ಚೆರಿಯಿಂದ ದೊರೆಯುವ ಬೀಜದ ಪಾಲು, ಎಷ್ಟು, ತೇವಾಂಶ ಎಷ್ಟು, 50 ಕಿಲೋ ಚೀಲಕ್ಕೆ ಇಂದು ಎಷ್ಟು, ಲಂಡನ್ನಿನ ರೊಬಸ್ಟಾ ಪೇಟೆಯಲ್ಲಿ ನಿನ್ನೆ ಎಷ್ಟು ಎಂಬ ಲೆಕ್ಕ ಈಗ ಮನೆಯದೇ ಆಯಿತು. 1995ರ ಆಗಸ್ಟ್ 15ರಂದು ದೇಶದ ಸಾರ್ವಜನಿಕರಿಗೆ ತೆರೆದ ಅಂತರ್ಜಾಲವು ದೂರವಾಣಿಯ ತಂತಿಯನ್ನು ಹಿಡಿದು ನಿಧಾನವಾಗಿ ಬೆಟ್ಟವೇರಿತು. ಲೆಕ್ಕಕ್ಕಾಗಿ ಒಂದು, ಮಕ್ಕಳ ಓದಿಗಾಗಿ ಅದೇ ಒಂದು, ಆಟಕ್ಕಾಗಿಯೂ ಅದೇ ಒಂದು ಎಂಬ ತ್ರಿವಿಧ ಸಮರ್ಥನೆಯೊಡನೆ ಗಣಕವು ಮನೆ ಹೊಕ್ಕಿತು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಾಫಿತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಗಣಕದಲ್ಲಿ ಕನ್ನಡವನ್ನು ನೆಲೆಗೊಳಿಸುವ ಯತ್ನಕ್ಕೆ ಒತ್ತಾಸೆಯಾಗಿದ್ದುದೂ, 1998ರಲ್ಲಿ ಬರಹ ತಂತ್ರಾಂಶವು ಪ್ರಕಟವಾದುದೂ ಈ ಕಾಲಘಟ್ಟದಲ್ಲಿಯೇ ಎಂಬುದು ಸ್ಮರಣೀಯ.

ಗಣಕವೆಂದರೆ ಶೀತಲಗೃಹದಲ್ಲಿ ವಾಸಿಸತಕ್ಕ ದೇವತೆ ಎಂಬ ಭಾವನೆ ಅದಕ್ಕೆ ಮುಂಚೆ ನಾಡಿನಲ್ಲೆಲ್ಲ ಇತ್ತು. ಪಟ್ಟಣಗಳ ಕಚೇರಿ, ಶಾಲೆ, ತರಬೇತಿ ಕೇಂದ್ರಗಳಲ್ಲಿ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಪಾದರಕ್ಷೆಗಳನ್ನು ಹೊರಗೆ ಬಿಡಬೇಕೆಂಬ ಫಲಕ ತೂಗುತ್ತಿತ್ತು. ಒಳಗೆ ಪರದೆ, ಹವಾನಿಯಂತ್ರಣ, ಮೌನ. ಗರ್ಭಗುಡಿಗೂ ಅದಕ್ಕೂ ಇದ್ದ ವ್ಯತ್ಯಾಸ ತೀರ್ಥಪ್ರಸಾದದ್ದು ಮಾತ್ರ. ಈ ಆಚಾರಕ್ಕೆ ಕಾರಣ ಇಲ್ಲದಿರಲಿಲ್ಲ. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಎಂಬ ಮಹಾಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದು, ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಗಣಕವು ನುಂಗಿದ ವಿದ್ಯುತ್ತು ಲೆಕ್ಕದ ಉತ್ತರವಾಗಿ ಹೊರಬರುವುದೆಂದು ನಾವು ಭಾವಿಸುತ್ತೇವೆ. ಭೌತಶಾಸ್ತ್ರದ ದೃಷ್ಟಿಯಲ್ಲಿ ಅದು ಬಹುತೇಕ ಸಂಪೂರ್ಣವಾಗಿ ಬಿಸಿಯಾಗಿಯೇ ಹೊರಬರುತ್ತದೆ. ಆ ಬಿಸಿಯನ್ನು ಅಟ್ಟದಿದ್ದರೆ ಯಂತ್ರ ಉಳಿಯುವುದಿಲ್ಲ.

ಮನೆಯ ಗಣಕಗಳು ಹುಟ್ಟಿದಾಗ ಈ ಹಳೆಯ ಪಾಠವನ್ನು ಮರೆಯುವ ಪ್ರಲೋಭನ ಉಂಟಾಯಿತು. 1980ರಲ್ಲಿ ಬಂದ ಆಪಲ್ ಮೂರು ಎಂಬ ಯಂತ್ರದಲ್ಲಿ, ಸದ್ದು ಸಲ್ಲದೆಂಬ ಸ್ಟೀವ್ ಜಾಬ್ಸ್ ಅವರ ಹಟದಿಂದ, ಫ್ಯಾನೇ ಇರಲಿಲ್ಲ. ಅದು ಕಾದು, ಒಳಗಿನ ಚಿಪ್‌ಗಳು ಗೂಡಿನಿಂದ ಸಡಿಲಗೊಳ್ಳಲು, ಯಂತ್ರವನ್ನು ಕೆಲವು ಅಂಗುಲ ಮೇಲೆತ್ತಿ ಮೇಜಿನ ಮೇಲೆ ಧೊಪ್ಪನೆ ಬಿಡುವುದೇ ಚಿಕಿತ್ಸೆಯೆಂದು ಕಂಪನಿಯವರೇ ಗ್ರಾಹಕರಿಗೆ ಉಪದೇಶಿಸಿದರಂತೆ. ರೇಡಿಯೋದ ನೆತ್ತಿಗೆ ಗುದ್ದಿ ಹಾಡಿಸುತ್ತಿದ್ದ ನಮ್ಮವರ ವಿದ್ಯೆಗೆ ಇದಕ್ಕಿಂತ ದೊಡ್ಡ ಮನ್ನಣೆ ದೊರೆತದ್ದಿಲ್ಲ. ಮರುವರ್ಷ ಬಂದ ಐ.ಬಿ.ಎಂ. ಗಣಕವು ವಿದ್ಯುತ್ ಪೂರೈಸುವ ಭಾಗದಲ್ಲಿ ಒಂದು ಫ್ಯಾನನ್ನು ಇಟ್ಟುಕೊಂಡಿತ್ತು. ಅದರ ಪ್ರೊಸೆಸರ್ ಮಾತ್ರ ಬರಿಮೈಯಲ್ಲಿಯೇ ಕುಳಿತು ಕೆಲಸ ಮಾಡುತ್ತಿತ್ತು. 1993ರ ಪೆಂಟಿಯಂ ಸುಮಾರು 15 ವ್ಯಾಟ್ ಬಿಸಿಯನ್ನು ಸೂಸಿ, ಪ್ರೊಸೆಸರಿನ ನೆತ್ತಿಯ ಮೇಲೆಯೇ ಒಂದು ಪುಟ್ಟ ಫ್ಯಾನು ಇರುವುದನ್ನು ಸಾಮಾನ್ಯಗೊಳಿಸಿತು. ಅಲ್ಲಿಂದ ಮುಂದಿನ ಹತ್ತು ವರ್ಷ ವೇಗದ ಪೈಪೋಟಿಯ ಕಾಲ. 2004ರ ಹೊತ್ತಿಗೆ ಪೆಂಟಿಯಂ ನಾಲ್ಕರ ಬಲಿಷ್ಠ ಮಾದರಿಗಳು, ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನಿನಲ್ಲಿ, 100 ವ್ಯಾಟಿಗೂ ಮೀರಿದ ಬಿಸಿಯನ್ನು ಹುಟ್ಟಿಸತೊಡಗಿದವು. 4 ಗಿಗಾಹರ್ಟ್ಸ್ ವೇಗದ ಮಾದರಿಯನ್ನು ತರುವೆನೆಂದಿದ್ದ ಇಂಟೆಲ್ ಸಂಸ್ಥೆ ಅದೇ ವರ್ಷದ ಅಕ್ಟೋಬರಿನಲ್ಲಿ ಆ ಸಂಕಲ್ಪವನ್ನು ಕೈಬಿಟ್ಟಿತು. ಅಮ್ಮತ್ತಿಯ ತೋಟದ ಮನೆಯಲ್ಲಿ ಸೆಕೆಯಿಂದ ಬಳಲುತ್ತಿದ್ದ "ಅವನು" ಈ ಪೀಳಿಗೆಗೆ ಸೇರಿದವನು.

ಈ ಉರಿಯನ್ನು ಶಮನಗೊಳಿಸಲು ತಯಾರಕರು ಮೊದಲು ಹಿಡಿದದ್ದು ಅವಸರದ ದಾರಿ. 60 ಮಿಲಿಮೀಟರ್ ಅಗಲದ ಪುಟ್ಟ ಫ್ಯಾನನ್ನು ನಿಮಿಷಕ್ಕೆ 7000 ಸುತ್ತು ತಿರುಗಿಸಿದರೆ ಗಾಳಿಯೇನೋ ಬರುತ್ತದೆ. ಅದರೊಡನೆ, ಕಿವಿಯ ಬಳಿ ಜೀರುಂಡೆಯೊಂದನ್ನು ಕಟ್ಟಿಹಾಕಿದಂತಹ ಕೀರಲು ಶಬ್ದವೂ ಬರುತ್ತದೆ. ಅನಂತರ ಹೊಳೆದದ್ದು ವಿಸ್ತಾರದ ದಾರಿ: 80 ಮಿಲಿಮೀಟರು 120 ಆಯಿತು, 140 ಆಯಿತು; 2006ರಲ್ಲಿ ಬಂದ ಆಂಟೆಕ್ ಸಂಸ್ಥೆಯ ನೈನ್ ಹಂಡ್ರೆಡ್ ಎಂಬ ಪೆಟ್ಟಿಗೆಯ ನೆತ್ತಿಯಲ್ಲಿ 200 ಮಿಲಿಮೀಟರಿನ, ಅಂದರೆ ಊಟದ ತಟ್ಟೆಗೆ ಸಮೀಪವಾದ, ಫ್ಯಾನು ಕಾಣಿಸಿಕೊಂಡಿತು. ನೋಡಿದವರು ನಕ್ಕರು. ಲೆಕ್ಕ ಬರೆಯುವ ಯಂತ್ರಕ್ಕೆ ವಿಮಾನದ ರೆಕ್ಕೆಯೇಕೆ, ಸ್ವಿಚ್ಚು ಒತ್ತಿದರೆ ಮೇಜು ಸಹಿತ ಹಾರೀತೆ ಎಂದು ಪರಿಹಾಸ ಮಾಡುವುದು ಸುಲಭ.

ಆದರೆ ಗಣಿತವು ದೊಡ್ಡ ಫ್ಯಾನಿನ ಪಕ್ಷದಲ್ಲಿದೆ. ಒಂದೇ ಆಕೃತಿಯ ಎರಡು ಫ್ಯಾನುಗಳನ್ನು ಒಂದೇ ವೇಗದಲ್ಲಿ ತಿರುಗಿಸಿದಾಗ, ಅವು ಸಾಗಿಸುವ ಗಾಳಿಯು ಅವುಗಳ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಗಲ ಇಮ್ಮಡಿಯಾದರೆ ಗಾಳಿ ಎಂಟು ಮಡಿಯಾಗುತ್ತದೆ. ಆದುದರಿಂದ 60 ಮಿಲಿಮೀಟರಿನ ಫ್ಯಾನು 7000 ಸುತ್ತು ಸುತ್ತಿ ಮಾಡುವ ಕೆಲಸವನ್ನು, ತಡೆಯಿಲ್ಲದ ಬಯಲಿನಲ್ಲಿ, 120 ಮಿಲಿಮೀಟರಿನದು 900ಕ್ಕಿಂತ ಕಡಿಮೆ ಸುತ್ತಿನಲ್ಲಿ ಪೂರೈಸುತ್ತದೆ. ಸದ್ದಾದರೋ ವೇಗವನ್ನು ಅವಲಂಬಿಸಿ ಬಹಳ ತೀವ್ರವಾಗಿ ಏರಿಳಿಯುವ ಗುಣವುಳ್ಳದ್ದು. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸುಮಾರು 15 ಡೆಸಿಬೆಲ್ ಸದ್ದು ಇಳಿಯುತ್ತದೆಂದು ತಂತ್ರಜ್ಞರು ಲೆಕ್ಕ ಹಾಕುತ್ತಾರೆ. ಹೀಗೆ, ಕಣ್ಣಿಗೆ ಆಡಂಬರವಾಗಿ ಕಂಡದ್ದು ಕಿವಿಗೆ ಸಂಯಮವಾಗಿ ಪರಿಣಮಿಸುತ್ತದೆ. ಅಗಲವಾದ ಮೊರವನ್ನು ಸಾವಕಾಶವಾಗಿ ಬೀಸುವ ಹೆಂಗಸು ಕಿರಿಮೊರವನ್ನು ಪಟಪಟನೆ ಬಡಿಯುವವಳಿಗಿಂತ ಹೆಚ್ಚು ಹೊಟ್ಟು ಹಾರಿಸಿ ಕಡಿಮೆ ದಣಿಯುತ್ತಾಳೆಂಬುದು ಕಣದಲ್ಲಿ ಎಲ್ಲರೂ ಕಂಡ ಮಾತು. ಅತಿರೇಕವು ಗಾತ್ರದಲ್ಲಿರುತ್ತದೆಂದು ನಮ್ಮ ಕಣ್ಣು ನಂಬಿಸುತ್ತದೆ. ಈ ಪ್ರಸಂಗದಲ್ಲಿ ಅತಿರೇಕವಿದ್ದದ್ದು ಅವಸರದಲ್ಲಿ.

ದೊಡ್ಡದಕ್ಕೂ ಮಿತಿಯುಂಟು. ನಿಧಾನವಾಗಿ ತಿರುಗುವ ಅಗಲ ಫ್ಯಾನಿಗೆ ಗಾಳಿಯ ಪ್ರಮಾಣವಿದ್ದರೂ ಒತ್ತಡ ಸಾಲದು. ಪ್ರೊಸೆಸರಿನ ಬಿಸಿಯನ್ನು ಹೀರಲು ಒತ್ತೊತ್ತಾಗಿ ಜೋಡಿಸಿದ ಲೋಹದ ತೆಳು ಹಲಗೆಗಳ ಸಂದಿಗೆ ಗಾಳಿಯನ್ನು ನುಗ್ಗಿಸುವ ಕೆಲಸದಲ್ಲಿ ಅದು ಸೋಲುತ್ತದೆ. ತೂರಲು ಮೊರ, ಒಲೆಗೆ ಊದುಗೊಳವೆ ಎಂದು ನಮ್ಮ ಹಿರಿಯರು ಮಾಡಿದ ವಿಭಾಗದ ತತ್ತ್ವವೇ ಇದು. ಅಮ್ಮತ್ತಿಯ ಮನೆಯ ಟೇಬಲ್ ಫ್ಯಾನಿನ ಉಪಾಯದಲ್ಲಿ ಇನ್ನೊಂದು ದೋಷವಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯು ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಡುವಂತೆ ಒಂದು ಕಾಲುವೆ ಏರ್ಪಟ್ಟಿರುತ್ತದೆ. ಪಕ್ಕದ ತಗಡನ್ನು ತೆಗೆದೊಡನೆ ಆ ಕಾಲುವೆಯ ಏರಿ ಒಡೆದು, ಗಾಳಿ ಬಂದ ಕಡೆಗೇ ಹಿಂತಿರುಗುತ್ತದೆ. ಜೊತೆಗೆ, ಕೊಯ್ಲಿನ ಕಾಲದ ದೂಳು ಅಷ್ಟೂ ಒಳಗೆ ಕೂರುತ್ತದೆ.

ಅಮ್ಮತ್ತಿಯ ಹವೆಯು ಈ ಲೆಕ್ಕಕ್ಕೆ ತನ್ನದೇ ಆದ ತಿದ್ದುಪಡಿಗಳನ್ನು ಸೇರಿಸುತ್ತದೆ. 100 ವ್ಯಾಟ್ ಬಿಸಿಯನ್ನು ಹೊತ್ತೊಯ್ಯುವ ಗಾಳಿಯು ತಾನು ಹತ್ತೇ ಡಿಗ್ರಿ ಕಾಯಬೇಕಾದರೆ, ಸಮುದ್ರತೀರದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 8 ಲೀಟರ್ ಗಾಳಿ ಬೇಕು. 900 ಮೀಟರಿನ ಎತ್ತರದಲ್ಲಿ ಗಾಳಿಯೇ ಹತ್ತನೆಯ ಒಂದರಷ್ಟು ತೆಳುವಾಗಿರುವುದರಿಂದ 9 ಲೀಟರಿನ ಸಮೀಪ ಬೇಕಾಗುತ್ತದೆ. ಸೆಕೆಂಡಿಗೊಂದು ಸಣ್ಣ ಕೊಡ ಗಾಳಿಯೆಂದು ತಿಳಿದರೆ ಸಾಕು. ಆದರೆ ಆ ಗಾಳಿ ಮೊದಲೇ ತಂಪಾಗಿ ಬರುವುದರಿಂದ ಎತ್ತರವು ಒಂದು ಕೈಯಿಂದ ಕಸಿದದ್ದನ್ನು ಇನ್ನೊಂದು ಕೈಯಿಂದ ಹಿಂದಿರುಗಿಸುತ್ತದೆ. ತೊಂದರೆ ಬರುವುದು ತೇವದಿಂದ. ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದೆ ಬಿಟ್ಟ ಗಣಕದ ಒಳಭಾಗ ಜೌಗು ಹಿಡಿದು, ಅದರ ಮೂಲೆಗಳಲ್ಲಿ ಇರುವೆಯೂ ಹಲ್ಲಿಯೂ ಬಿಡಾರ ಹೂಡುತ್ತವೆ. ಆದ್ದರಿಂದ ಕೆಲಸವಿರಲಿ ಇಲ್ಲದಿರಲಿ, ದಿನಕ್ಕೊಂದು ಗಂಟೆ ಅದನ್ನು ನಡೆಸಿ ಕಾಯಿಸತಕ್ಕದ್ದೆಂಬ ಪದ್ಧತಿ ಆ ಮನೆಯಲ್ಲಿ ರೂಢಿಯಾಗಿತ್ತು. ಬಟ್ಟೆಯ ಬೀರುವಿನಲ್ಲಿ ಬಲ್ಬು ಉರಿಸಿ ಬೂಷ್ಟು ತಡೆಯುವವರ ವಿವೇಕವೇ ಅದು. ಒಂದೇ ಯಂತ್ರವನ್ನು ಒಂದು ಗಳಿಗೆ ಬಿಸಿಗಾಗಿ ನಡೆಸುವುದು, ಮರುಗಳಿಗೆ ಬಿಸಿಯಾಯಿತೆಂದು ಬೀಸುವುದು! ಗಣಕದ ಹಿಂಬದಿಯಿಂದ ಹೊರಡುವ ಬೆಚ್ಚನೆಯ ಗಾಳಿಗೆ ಮನೆಯಾಕೆ ಮೊಮ್ಮಗುವಿನ ಕಾಲುಚೀಲಗಳನ್ನು ಹಿಡಿದು ಒಣಗಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲಂಡನ್ನಿನ ಪೇಟೆಯ ಅಂಕಿಗಳಿಂದ ಹುಟ್ಟಿದ ಬಿಸಿಗೆ ಅದಕ್ಕಿಂತ ಸಾರ್ಥಕವಾದ ವಿನಿಯೋಗ ಇರಲಾರದು.

ಸೆಪ್ಟೆಂಬರಿನ ಆದಿಯಲ್ಲಿ ಬರುವ ಕೈಲ್‌ಪೊಳ್ದು ಹಬ್ಬದಂದು ಕೊಡವರು ಕೋವಿ ಕತ್ತಿಗಳನ್ನು ಶುಚಿಗೊಳಿಸಿ, ತೋಕ್‌ಪೂವೆಂಬ ಕೆಂಪು ಹಳದಿಯ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಆ ವರ್ಷ ಮಕ್ಕಳು ಗಣಕಕ್ಕೂ ಒಂದು ಹೂ ಮುಡಿಸಿದರೆಂದೂ, ಹಬ್ಬ ಮುಗಿದು ಸ್ವಿಚ್ಚು ಒತ್ತಿದಾಗ ಎಸಳೊಂದು ಒಳಗಿನ ಪುಟ್ಟ ಫ್ಯಾನಿಗೆ ಸಿಕ್ಕಿ ಅದು ಗಂಟಲು ಕಟ್ಟಿದಂತೆ ಕೆಮ್ಮಿತೆಂದೂ ಮಿತ್ರರು ಆಮೇಲೆ ಕಾಗದ ಬರೆದರು. ಅದೇ ನೆಪವಾಗಿ ಹಳೆಯ ಪೆಟ್ಟಿಗೆ ಹೋಗಿ, ನೆತ್ತಿಯ ಮೇಲೆ ಅಗಲವಾದ ಫ್ಯಾನುಳ್ಳ ಹೊಸದು ಬಂದಿತು.

ಕೆಲವು ವರ್ಷಗಳ ಅನಂತರ, ಫಾಲ್ಗುಣದ ಬಿಸಿಲಿನಲ್ಲಿ, ಕರಿಮೆಣಸಿನ ಕೊಯ್ಲು ಮುಗಿಯುತ್ತಿದ್ದಾಗ ಮತ್ತೆ ಆ ಮನೆಗೆ ಹೋದೆ. ಲೆಕ್ಕದ ಕೋಣೆಯಲ್ಲಿ ಗಣಕ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಹತ್ತಿರ ಹೋಗಿ ನೋಡಬೇಕಾಯಿತು. ಅದರ ದೊಡ್ಡ ರೆಕ್ಕೆಗಳು, ಊಟವಾದ ಮೇಲೆ ಜಗಲಿಯಲ್ಲಿ ಅಡ್ಡಾಡುವ ಯಜಮಾನರ ಗತಿಯಲ್ಲಿ, ಸದ್ದಿಲ್ಲದೆ ಸುತ್ತುತ್ತಿದ್ದವು. ಹಳೆಯ ಟೇಬಲ್ ಫ್ಯಾನು ಏನಾಯಿತೆಂದು ಕೇಳಿದೆ. ಹಿರಿಯರು ಮಾತಾಡದೆ ಕಣದ ಕಡೆಗೆ ಕೈತೋರಿದರು. ಅಲ್ಲಿ, ಉದ್ದನೆಯ ವೈರಿನ ತುದಿಯಲ್ಲಿ, ಅದೇ ಮಣೆಯ ಮೇಲೆ ಅದು ಪೂರ್ಣವೇಗದಲ್ಲಿ ತಿರುಗುತ್ತಿತ್ತು. ಅದರ ಎದುರಿಗೆ ನಿಂತ ಹೆಂಗಸೊಬ್ಬಳು ಮೊರದಿಂದ ಮೆಣಸನ್ನು ಮೆಲ್ಲನೆ ಸುರಿಯುತ್ತಿದ್ದಳು. ಕಾಳು ಅವಳ ಕಾಲ ಬಳಿ ರಾಶಿಯಾಗಿ ಬೀಳುತ್ತಿತ್ತು, ಕಸವೂ ಜೊಳ್ಳೂ ದೂರಕ್ಕೆ ಹಾರಿಹೋಗುತ್ತಿದ್ದವು.